ಮ್ಯಾನೇಜರ್ ಬಗ್ಗೆ ಮುಕ್ತವಾಗಿ ಬರೆಯಿರಿ

ಟೀಮ್ ಕಟ್ಟೋದು ಹೇಗೆ ಅಂತ ದೊಡ್ಡ ಸಾಹೇಬರೆಲ್ಲ ದಪ್ಪ ಪುಸ್ತಕ ಓದ್ತಾರೆ. ನನ್ನ ಹತ್ತಿರ ಬಂದಿದ್ದರೆ ಒಂದು ಕಾಫಿಗೆ ಹೇಳಿಕೊಡ್ತಿದ್ದೆ. ಯಶವಂತಪುರದ ಪಂಪ್ ಕಾರ್ಖಾನೆಯ ಪ್ಯಾಕಿಂಗ್ ವಿಭಾಗಕ್ಕೆ ನಾನೇ ಮ್ಯಾನೇಜರ್, ಕೈಕೆಳಗೆ ಆರು ಜನ. ನಾನು ಲೀಡರ್‌ಗಿರಿ ತೋರಿಸಲು ಹೊರಟಾಗಲೆಲ್ಲ ಏನಾದರೊಂದು ಆಗೇ ಆಗುತ್ತೆ. ಹೋದ ವರ್ಷ ಮಾತ್ರ ಸಾಲಾಗಿ ಆಯಿತು.

೧. ಒಂದೇ ಕೂಗಿಗೆ

ಹೆಡ್ ಆಫೀಸಿನಿಂದ ಒಬ್ಬರು ಮೇಡಂ ಬಂದರು. "ನಿಮ್ಮ ಟೀಮಲ್ಲಿ ಒಗ್ಗಟ್ಟಿದೆಯಾ ನೋಡ್ತೀವಿ. ಇಲ್ಲಾಂದ್ರೆ ಆರೂ ಜನರನ್ನ ಬೇರೆ ಬೇರೆ ಯೂನಿಟ್‌ಗೆ ಹಾಕ್ತೀವಿ."

ಅವರೆಲ್ಲ ಹೋದರೆ ನಾನು ಯಾರಿಗೆ ಮ್ಯಾನೇಜರ್, ಗೋಡೆಗಾ? ಆದರೂ ಗತ್ತಿನಿಂದಲೇ, "ಒಂದು ಕೂಗು ಹಾಕಿದ್ರೆ ಸಾಕು ಮೇಡಂ, ಓಡಿ ಬರ್ತಾರೆ" ಅಂದೆ.

ಕೂಗಿದೆ. ಯಾರೂ ಬರಲಿಲ್ಲ. ಆರು ಜನರಲ್ಲಿ ಹಳಬರು ಒಬ್ಬರು ಅಕ್ಕ; ಅವರು ಒಳಗಿನಿಂದಲೇ, "ಬನ್ರೋ, ಅವ್ರು ಕರೀತಿದ್ದಾರೆ" ಅಂದರು. ಎಲ್ಲರೂ ಓಡಿ ಬಂದರು.

"ನೋಡಿದ್ರಾ ಮೇಡಂ? ಅಧಿಕಾರ ಹಂಚಿಕೊಡೋದು ಅಂದ್ರೆ ಇದೇ."

೨. ನಂಬಿಕೆಯ ಆಟ

ಮೇಡಂ ಇಟ್ಟ ಮುಂದಿನ ಪರೀಕ್ಷೆ: ನಾನು ಕಣ್ಣು ಮುಚ್ಚಿ ಹಿಂದಕ್ಕೆ ಬೀಳಬೇಕಂತೆ, ಟೀಮ್ ಹಿಡಿಯಬೇಕಂತೆ. ಲೋಡಿಂಗ್ ಮಾಡುವವನು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಸಾರ್, ಟ್ರಾಲಿ ತರ್ಲಾ?" ಅಂದ.

ಅಷ್ಟರಲ್ಲಿ ಉಳಿದವರು ನೆಲಕ್ಕೆ ಫೋಮ್ ಹಾಸಿ, ಸುತ್ತ ಥರ್ಮಾಕೋಲ್ ನಿಲ್ಲಿಸಿ, ನನ್ನ ಅಂಗಿ ಜೇಬಿಗೆ 'ಒಡೆಯುವ ವಸ್ತು' ಸ್ಟಿಕ್ಕರ್ ಅಂಟಿಸಿದ್ದರು. "ಈಗ ಬೀಳಿ ಸಾರ್. ನಮ್ ಕೈಲಿ ಇವತ್ತಿನವರೆಗೂ ಒಂದು ಪೀಸೂ ಒಡೆದಿಲ್ಲ."

ಬಿದ್ದೆ. ಒಂದು ಗೀರೂ ಆಗಲಿಲ್ಲ. ಯಾರೂ ಹಿಡಿಯಲೂ ಇಲ್ಲ.

೩. ಗುಟ್ಟಿನ ಫಾರಂ

ಕೊನೆಗೆ ಮೇಡಂ ಒಂದು ಕಟ್ಟು ಫಾರಂ ಕೊಟ್ಟು ಹೋದರು. ಮ್ಯಾನೇಜರ್ ತಪ್ಪುಗಳನ್ನು ಒಬ್ಬೊಬ್ಬರೂ ಬರೆದು ಪೆಟ್ಟಿಗೆಗೆ ಹಾಕಬೇಕು, ಹೆಸರು ಮಾತ್ರ ಬರೆಯಬಾರದು.

ಹತ್ತು ನಿಮಿಷಕ್ಕೆ ಹುಬ್ಬಳ್ಳಿ ಕಡೆಯ ಆಪರೇಟರ್ ನನ್ನ ಮೇಜಿಗೇ ಬಂದ. "ಸರ, ನಿಮ್ಮ ಅಕ್ಷರ ಚಲೋ ಅದಾವ. ಒಂಚೂರು ಬರದು ಕೊಡ್ರಿ."

ರಜೆ ಚೀಟಿಯಿಂದ ಮಕ್ಕಳ ಸ್ಕೂಲ್ ಅರ್ಜಿವರೆಗೆ ಇವರದ್ದೆಲ್ಲ ಬರೆಯೋನು ನಾನೇ. ಅಭ್ಯಾಸಬಲದಿಂದ ಪೆನ್ನು ತೆಗೆದೆ. "ಏನಂತ ಬರೀಲಿ?"

"ಮ್ಯಾನೇಜರ್ ಸುಮ್‌ಸುಮ್ನ ಒದರ್ತಾರ ಅಂತ ಬರೀರಿ."

"ನಾನ್ಯಾವಾಗಯ್ಯಾ ಒದರಿದೆ?" ಅಂತ ಒದರಿದೆ.

"ಹಾಂ ಸರ, ಹಿಂಗ."

ಅವನ ಹಿಂದೆ ಐದು ಜನ ಕ್ಯೂ ನಿಂತಿದ್ದರು. ಕೊನೆಗೆ ಬಂದ ಅಕ್ಕ, "ಮೀಟಿಂಗಲ್ಲಿ ಜೋರಾಗಿ ಗೊರಕೆ ಹೊಡೀತಾರೆ ಅಂತ ಹಾಕಿ ಸಾರ್. 'ಜೋರಾಗಿ' ಕೆಳಗೆ ಒಂದು ಗೆರೆ" ಅಂದರು.

ಎಳೆದೆ. ಸ್ಕೇಲ್ ಇಟ್ಟು ಎಳೆದೆ.

೪. ಫಲಿತಾಂಶ

ವಾರದ ನಂತರ ವಿದ್ಯಾರಣ್ಯಪುರದ ಬಸ್ಸಲ್ಲಿ ನೇತಾಡುತ್ತಿದ್ದಾಗ ಮೇಡಂ ಫೋನ್ ಬಂತು. "ಎಲ್ಲ ಫಾರಂ ಒಂದೇ ಅಕ್ಷರದಲ್ಲಿವೆ. ಯಾರು ಬರೆದಿದ್ದು?"

"ನಾನೇ ಮೇಡಂ. ಅವ್ರು ಹೇಳಿದ್ರು, ನಾನು ಬರ್ಕೊಂಡೆ."

ಮುಗೀತು ನಮ್ಮ ಕಥೆ ಅಂದುಕೊಂಡೆ. ಆ ಕಡೆಯಿಂದ ನಗು ಕೇಳಿಸಿತು. "ಮ್ಯಾನೇಜರ್ ತಪ್ಪನ್ನ ಮ್ಯಾನೇಜರ್ ಕೈಲೇ ಬರೆಸೋ ಟೀಮ್ ನಾನೆಲ್ಲೂ ನೋಡಿಲ್ಲ. ಇಷ್ಟು ಸಲಿಗೆ ಇರೋ ಜನರನ್ನ ಯಾಕೆ ಒಡೀಲಿ? ಆರೂ ಜನ ಅಲ್ಲೇ ಇರ್ಲಿ."

ಅಬ್ಬಾ, ಮನಸ್ಸು ಎಷ್ಟು ಹಗುರವಾಯಿತೆಂದರೆ ಪಕ್ಕದವರ ಮಡಿಲಲ್ಲಿದ್ದ ಬ್ಯಾಗಿನ ಮೇಲೆ ಕೂತೇಬಿಟ್ಟೆ.

"ಒಂದೇ ಅನುಮಾನ" ಅಂದರು ಮೇಡಂ. "ಜನ ಆರು, ಫಾರಂ ಏಳಿದೆ. ಏಳನೇದ್ರಲ್ಲಿ 'ಇಂಥ ದೂರದೃಷ್ಟಿಯ ನಾಯಕರು ನಮಗೆ ಸಿಕ್ಕಿದ್ದು ಪುಣ್ಯ' ಅಂತಿದೆ. ಇದನ್ನ ಹೇಳಿದ್ದು ಯಾರು?"

ಗಂಟಲು ಸರಿಮಾಡಿಕೊಂಡೆ. "ಹೆಸರು ಹೇಳೋ ಹಾಗಿಲ್ಲ ಮೇಡಂ. ರೂಲ್ಸ್ ನೀವೇ ಮಾಡಿದ್ದು."