ಐದನೆಯ ಕೌದಿಗೆ ಮುನ್ನ

ಇಂದ,
ಭರಮು, ಪಂಚಾಯ್ತಿ ಕಾರಕೂನ,
ಪಾಲಬಾವಿ, ತಾಲೂಕು ರಾಯಬಾಗ.

ಗೆ,
ಮಾನ್ಯ ಮುಖ್ಯಾಧಿಕಾರಿಗಳು,
ರೋಗನಿರೋಧಕ ಪಡೆ, ಎಡ ಮತ್ತು ಬಲ ಶ್ವಾಸಕೋಶ ಶಾಖೆಗಳು,
ಅರ್ಜಿದಾರನ ಎದೆಗೂಡು.

ವಿಷಯ: ಅವ್ವನ ಕೌದಿಯನ್ನು ಶತ್ರುವೆಂದು ತಿಳಿದು ನನ್ನನ್ನೇ ಉಸಿರುಗಟ್ಟಿಸುತ್ತಿರುವ ಕುರಿತು.

ಉಲ್ಲೇಖ: 1. ಚಿಕ್ಕೋಡಿ ಡಾಕ್ಟರರ ರಕ್ತ ತಪಾಸಣೆ ವರದಿ.
2. ಅವ್ವನ ಮೌಖಿಕ ಆದೇಶಗಳು (ದಿನಂಪ್ರತಿ).

ಮಾನ್ಯರೇ,

ತಮ್ಮನ್ನು ನಲವತ್ತೊಂದು ವರ್ಷ ರೊಟ್ಟಿ ಹಾಕಿ ಸಾಕಿದವನ ಅಹವಾಲು ಏನೆಂದರೆ:

1. ನನ್ನ ಅವ್ವ ಲಗಮವ್ವ ಹಳೆಯ ಸೀರೆಗಳನ್ನು ಪದರ ಪದರವಾಗಿ ಸೇರಿಸಿ ಕೌದಿ ಹೊಲಿಯುತ್ತಾಳೆ. ಅದರೊಳಗೆ ಕಣ್ಣಿಗೆ ಕಾಣದ ಧೂಳಿನ ನುಸಿಗಳು ಸಂಸಾರ ಹೂಡಿವೆ. ಯಾರನ್ನೂ ಕಚ್ಚದ ಬಡ ಜೀವಿಗಳು. ಅವುಗಳ ಹಿಕ್ಕೆಯ ಒಂದು ಕಣ ಉಸಿರಲ್ಲಿ ಹೋದರೆ ಸಾಕು, ಶ್ವಾಸನಾಳದ ಒಳಪದರದಲ್ಲಿರುವ ತಮ್ಮ ಕಾವಲುಗಾರರು ವಿಚಾರಣೆಯನ್ನೇ ಮಾಡದೆ ಅಪಾಯದ ಸಂದೇಶ ಕಳಿಸುತ್ತಾರೆ.

2. ಸದರಿ ಸಂದೇಶದ ಮೇರೆಗೆ ಇಯೋಸಿನೋಫಿಲ್ ಎಂಬ ಬಿಳಿ ರಕ್ತಕಣಗಳ ತುಕಡಿ ದಂಡೆತ್ತಿ ಬರುತ್ತದೆ. ಇವರು ಹೊಟ್ಟೆಯ ಹುಳಗಳೊಂದಿಗೆ ಕಾದಾಡುವವರೆಂದು ಡಾಕ್ಟರರು ಹೇಳಿದರು. ಇಲ್ಲಿ ಹುಳ ಸಿಗದ ಕಾರಣ ನನ್ನ ಶ್ವಾಸನಾಳವನ್ನೇ ಬಾತುಕೊಳ್ಳುವಂತೆ ಮಾಡಿದ್ದಾರೆ. ಇಲಿ ಬಂತೆಂದು ಮನೆಗೆ ಬೆಂಕಿ ಹಚ್ಚುವವರಿಗೆ ತಾವು ಅನ್ನ ಕೊಟ್ಟು ಇಟ್ಟುಕೊಂಡಿದ್ದೀರಿ.

3. ಆದ್ದರಿಂದ ನಾನು ಕೆಮ್ಮುತ್ತೇನೆ. ಕೆಮ್ಮಿದ ಕಾರಣ ಅವ್ವ, "ಎದಿಗೆ ಥಂಡಿ ಹೊಕ್ಕೈತಿ, ಇನ್ನೊಂದು ಹೊಚ್ಕೊಂಡ ಮಲ್ಕೊ," ಎಂದು ಮತ್ತೊಂದು ಕೌದಿ ಹೊದಿಸುತ್ತಾಳೆ. ಆ ಕಾರಣ ಇನ್ನಷ್ಟು ನುಸಿ, ಆ ಕಾರಣ ಇನ್ನಷ್ಟು ಸಂದೇಶ, ಆ ಕಾರಣ ಇನ್ನಷ್ಟು ಕೆಮ್ಮು. ಸದ್ಯ ನಾಲ್ಕು ಕೌದಿಗಳ ಕೆಳಗಿದ್ದೇನೆ. ಅದೂ ಮೇ ತಿಂಗಳಲ್ಲಿ.

4. ಕೌದಿಯೇ ಕಾರಣವೆಂದು ಒಮ್ಮೆ ಹೇಳಿ ನೋಡಿದೆ. "ನಾ ಹೊಲಿದ ಕೌದಿ ನಿನಗ ವಿಷ ಆತೇನಪಾ?" ಎಂದಳು. ಆ ದಿನ ಅವಳು ಊಟ ಮಾಡಲಿಲ್ಲ. ಮರುದಿನ, ಹಳೆಯ ಸೀರೆಗಳೆಲ್ಲ ಮುಗಿದ ಕಾರಣ, ತನ್ನ ಮದುವೆಯ ಇಳಕಲ್ ಸೀರೆಯನ್ನೇ ಕತ್ತರಿಸಿ ಐದನೆಯದನ್ನು ಹೊಲಿಯಲು ಕುಳಿತಳು. ನನಗೆ ಅಳು ಬಂತು. ತಮ್ಮವರು ಅದನ್ನೂ ಅಲರ್ಜಿ ಎಂದೇ ದಾಖಲಿಸಿರಬಹುದು.

5. ಡಾಕ್ಟರರು ಕೊಟ್ಟ, ಔಷಧಿಯನ್ನು ಉಸಿರಲ್ಲಿ ಎಳೆದುಕೊಳ್ಳುವ ಪಂಪು ತಮ್ಮವರನ್ನು ತುಸು ಸುಮ್ಮನಿರಿಸುತ್ತದೆ. ಆದರೆ ಅವ್ವನ ಎದುರು ಅದನ್ನು ಬಾಯಿಗಿಟ್ಟರೆ ಆರನೆಯ ಕೌದಿ ಶುರುವಾಗುತ್ತದೆ.

ಕೂಲಂಕಷವಾಗಿ ಪರಿಶೀಲಿಸಲಾಗಿ, ತಾವೂ ಅವ್ವನೂ ಒಂದೇ ಇಲಾಖೆಯವರೆಂದು ಕಂಡುಬಂದಿದೆ. ಇಬ್ಬರೂ ನನ್ನನ್ನು ಕಾಯುತ್ತಿದ್ದೀರಿ, ಇಬ್ಬರಿಂದಲೂ ನನಗೆ ಉಸಿರಾಡಲಾಗುತ್ತಿಲ್ಲ. ಅವಳಿಗೆ ಎಪ್ಪತ್ತಾರು. ಅವಳಿಗೆ ನೋಟಿಸು ಕೊಡುವ ಧೈರ್ಯ ನನಗಿಲ್ಲದ ಕಾರಣ, ತಾವೇ ಸುಧಾರಿಸಿಕೊಳ್ಳತಕ್ಕದ್ದು.

ಏದುಸಿರಿನೊಂದಿಗೆ, ತಮ್ಮ ವಿಶ್ವಾಸಿ,
ಭರಮು

ಲಗತ್ತುಗಳು: 1. ಖಾಲಿ ಪಂಪು.
2. ಕೌದಿಗಳು, ನಾಲ್ಕು (ತೆಗೆಯಲು ಅವ್ವನ ಅನುಮತಿ ಇಲ್ಲದ ಕಾರಣ, ಅರ್ಜಿದಾರನ ಮೈಮೇಲೆಯೇ ಪರಿಶೀಲಿಸುವುದು).

ವಿ.ಸೂ.: ಐದನೆಯ ಕೌದಿಗೆ ಅಂಚು ಹೊಲಿಯುವುದಷ್ಟೇ ಬಾಕಿ. ಅದನ್ನು ನಾನು ಹೊದೆಯುವವನೇ. ಅವ್ವ ಪಕ್ಕದಲ್ಲಿ ಕುಳಿತು ನೋಡುತ್ತಿರುತ್ತಾಳೆ. ಅದೊಂದು ದಿನ ತಮ್ಮ ಎರಡೂ ಶಾಖೆಗಳಿಗೆ ರಜೆ ಘೋಷಿಸಬೇಕಾಗಿ ವಿನಂತಿ.