ಹತ್ತನೆಯ ಸುತ್ತಿನ ನಮಸ್ಕಾರ

ಭಕ್ತಿ ಇರುವವರಿಗೆ ಜಂಬ ಇರಬಾರದು ಎನ್ನುತ್ತಾರೆ. ನನಗೆ ಎರಡೂ ಇದ್ದವು. ಹನ್ನೊಂದು ವರ್ಷ ಅವೆರಡೂ ಒಂದೇ ಚಾಪೆಯ ಮೇಲೆ ಜಗಳವಿಲ್ಲದೆ ಇದ್ದವು. ಗೋಕುಲಂನ ನಮ್ಮ ಮನೆಯ ಹತ್ತಿರ ಒಂದು ಪಾರ್ಕಿದೆ. ಅಲ್ಲಿ ಬೆಳಿಗ್ಗೆ ಐದೂವರೆಗೆ ಶಿವಣ್ಣ ಮೇಷ್ಟ್ರು ಬಿಟ್ಟಿಯಾಗಿ ಸೂರ್ಯ ನಮಸ್ಕಾರ ಹೇಳಿಕೊಡುತ್ತಾರೆ. ಮುಂದಿನ ಸಾಲಿನಲ್ಲಿ ಹೊಂಗೆಮರದ ಪಕ್ಕದ ಜಾಗ ನನ್ನದು. ಗೊತ್ತಿಲ್ಲದೆ ಯಾರಾದರೂ ಅಲ್ಲಿ ಚಾಪೆ ಹಾಸಿದರೆ ನಾನು ಏನೂ ಅನ್ನುತ್ತಿರಲಿಲ್ಲ, ಸುಮ್ಮನೆ ಪಕ್ಕದಲ್ಲಿ ಹೋಗಿ ನಿಲ್ಲುತ್ತಿದ್ದೆ. ಅಷ್ಟಕ್ಕೇ ಅವರು ಚಾಪೆ ಸುತ್ತಿಕೊಳ್ಳುತ್ತಿದ್ದರು.

ಮದುವೆಯಾದ ಮೇಲೆ ನಾನು ಬಗ್ಗಿದ್ದೆಲ್ಲ ಕಸ ಗುಡಿಸುವುದಕ್ಕೆ, ನೆಲ ಒರೆಸುವುದಕ್ಕೆ, ಬಂದವರ ಕಾಲಿಗೆ ಬೀಳುವುದಕ್ಕೆ. ನನಗಾಗಿ ನಾನು ಬಗ್ಗಿದ್ದು ಐವತ್ತೆರಡನೆಯ ವಯಸ್ಸಿನಲ್ಲೇ ಮೊದಲು. ಯೋಗ ಕಲಿಯಲು ಹೊರದೇಶದಿಂದ ಬಂದಿದ್ದ ಹುಡುಗಿಯೊಬ್ಬಳು ಒಂದು ದಿನ ಪಾರ್ಕಿನ ಬೇಲಿಯಾಚೆ ನಿಂತು ನನ್ನನ್ನು ನೋಡಿ ಕೈಮುಗಿದಳು. ಅದನ್ನು ನಾನು ಎಷ್ಟು ಸಲ ಹೇಳಿದ್ದೇನೆಂದರೆ, ಈಗ ನಮ್ಮ ಯಜಮಾನರೇ ಕಣ್ಣಾರೆ ಕಂಡವರ ಹಾಗೆ ಬಂದವರಿಗೆಲ್ಲ ವರ್ಣಿಸುತ್ತಾರೆ. ಆ ಹೊತ್ತಿಗೆ ಅವರು ಮಗ್ಗುಲು ಕೂಡ ಬದಲಿಸಿರುವುದಿಲ್ಲ.

ಮೊದಲು ಮಂಡಿ ಕೈಕೊಟ್ಟಿತು. ಆಮೇಲೆ ಹೊಸಿಲು ತೊಳೆಯುವಾಗ ಜಾರಿ ಬಿದ್ದು ಮಣಿಕಟ್ಟು ಮುರಿಯಿತು. ಎಡಭುಜವಂತೂ ಯಾವ ಕಾರಣವೂ ಇಲ್ಲದೆ, ಉಳಿದೆರಡನ್ನು ನೋಡಿ ತಾನೂ ಹಿಡಿದುಕೊಂಡಿತು. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ನೆಲಕ್ಕೆ ಕೈಯೂರಿ ಮೈಭಾರ ಬಿಡುವ ಯಾವ ಆಸನವನ್ನೂ ಇನ್ನು ಮಾಡಕೂಡದು ಎಂದರು. ಎಷ್ಟು ತಿಂಗಳು ಎಂದು ಕೇಳಿದೆ. ಅವರು ಉತ್ತರ ಹೇಳದೆ, ನಿಮಗೀಗ ವಯಸ್ಸೆಷ್ಟಮ್ಮ ಎಂದು ಕೇಳಿದರು. ಅದೇ ಉತ್ತರ ಎಂದು ಗೊತ್ತಾಗಲು ನನಗೆ ಆಟೋ ಹತ್ತುವವರೆಗೆ ಹೊತ್ತು ಹಿಡಿಯಿತು.

ಮನೆಯಲ್ಲಿ ಯಜಮಾನರು ಸಮಾಧಾನ ಹೇಳಿದರು. "ಕೂತ್ಕೊಂಡೇ ಕೈ ಮುಗಿ ಕಣೇ. ಸೂರ್ಯ ಏನು ಹಾಜರಿ ತಗೋತಾನಾ?"

ನಾನೂ ದೇವರ ಮುಂದೆ ನಿಂತು, ಉಳಿದಿದ್ದನ್ನು ನೆನೆಸಿಕೊಂಡೆ. ಜಡೆ ಹೆಣೆದುಕೊಳ್ಳುವಷ್ಟು ಕೈ ಏಳುತ್ತದೆ. ದೀಪ ಹಚ್ಚಬಹುದು. ಚಪಾತಿ ಹಿಟ್ಟು ನಾದುವುದನ್ನು ಯಜಮಾನರು ಕಲಿತಿದ್ದಾರೆ, ಚಪಾತಿ ಯಾವ ಆಕಾರದಲ್ಲಿ ಬಂದರೂ ತಿನ್ನುತ್ತಾರೆ. ಇಷ್ಟು ಸಾಕು ತಾಯಿ ಎಂದೆ. ಹಾಗೆಂದು ಬಚ್ಚಲುಮನೆಗೆ ಹೋಗಿ, ನಲ್ಲಿ ಬಿಟ್ಟುಕೊಂಡು ಅತ್ತೆ.

ರಥಸಪ್ತಮಿಗೆ ನಮ್ಮ ಪಾರ್ಕಿನಲ್ಲಿ ನೂರೆಂಟು ನಮಸ್ಕಾರ ಮಾಡುವುದು ಪದ್ಧತಿ. ಸೂರ್ಯನ ಹನ್ನೆರಡು ಹೆಸರು ಹೇಳಿದರೆ ಒಂದು ಸುತ್ತು, ಅಂಥ ಒಂಬತ್ತು ಸುತ್ತು. ಒಬ್ಬರು ಕುರ್ಚಿಯಲ್ಲಿ ಕೂತು ಹೆಸರು ಹೇಳುತ್ತಾರೆ, ಸುತ್ತು ಮುಗಿದಂತೆ ಮಡಿಲಿನಿಂದ ಒಂದೊಂದು ಹುಣಸೆಬೀಜ ತೆಗೆದು ತಟ್ಟೆಗೆ ಹಾಕುತ್ತಾರೆ. ಹಬ್ಬದ ಹಿಂದಿನ ದಿನ ಶಿವಣ್ಣ ಮೇಷ್ಟ್ರು ಮನೆಗೇ ಬಂದರು. "ಈ ಸಲ ಹೆಸರು ನೀವೇ ಹೇಳಿ ಕಣಮ್ಮ. ಎಲ್ರೂ ಬಗ್ಗುಬುಟ್ರೆ ಹೇಳೋರು ಯಾರು?"

ಹಬ್ಬದ ಬೆಳಿಗ್ಗೆ ತಲೆ, ಭುಜಗಳ ಮೇಲೆ ಎಕ್ಕದ ಎಲೆ ಇಟ್ಟುಕೊಂಡು ಸ್ನಾನ ಮಾಡಿದೆ. ಎಡಭುಜಕ್ಕೆ ಒಂದೆಲೆ ಜಾಸ್ತಿಯೇ ಇಟ್ಟೆ. ಏನೂ ಆಗಲಿಲ್ಲ.

ಕುರ್ಚಿಯಲ್ಲಿ ಕೂತು ನೋಡಿದರೆ ಹೊಂಗೆಮರದ ಪಕ್ಕದಲ್ಲಿ ಪವಿತ್ರಳ ಚಾಪೆ. ಮೇಟಗಳ್ಳಿಯ ಫ್ಯಾಕ್ಟರಿಯೊಂದರಲ್ಲಿ ಕೆಲಸ ಮಾಡುವ ಹೆಣ್ಣುಮಗಳು, ನಮ್ಮ ಗುಂಪಿಗೆ ಸೇರಿ ಆರು ತಿಂಗಳಾಗಿರಬೇಕು. ಕೆಟ್ಟದಾಗಿ ಮಾಡಲಿ ಎಂದು ಕಾದೆ. ಹಾಳಾದವಳು, ಚೆನ್ನಾಗಿ ಮಾಡಿದಳು. ಅವಳು ಎದೆ ನೆಲಕ್ಕೆ ತಾಗಿಸಿ ತಲೆಯೆತ್ತಿದಾಗಲೆಲ್ಲ ಕುರ್ಚಿಯಲ್ಲಿದ್ದ ನನ್ನ ಕತ್ತೂ ತಾನಾಗಿಯೇ ಮೇಲೇಳುತ್ತಿತ್ತು. ಎಂಟನೆಯ ಸುತ್ತಿಗೆ ನನ್ನ ರವಿಕೆಯ ಬೆನ್ನು ಬೆವರಿನಲ್ಲಿ ಒದ್ದೆಯಾಗಿತ್ತು.

ಒಂಬತ್ತನೆಯ ಭಾಸ್ಕರಾಯ ನಮಃ ಮುಗಿಯಿತು. ಒಂಬತ್ತನೆಯ ಬೀಜವೂ ತಟ್ಟೆಗೆ ಬಿತ್ತು. ಮಡಿಲು ಖಾಲಿ. ನಾನು ಬಾಯಿ ಮುಚ್ಚಿದರೆ ಎಲ್ಲರಿಗೂ ಹಬ್ಬ ಮುಗಿಯುತ್ತಿತ್ತು, ನನಗೆ ಹನ್ನೊಂದು ವರ್ಷವೇ ಮುಗಿಯುತ್ತಿತ್ತು. ಇನ್ನು ಸ್ವಲ್ಪ ಹೊತ್ತು ಎಂದುಕೊಂಡೆ. ಮತ್ತೆ ಮೊದಲಿನಿಂದ, ಗಟ್ಟಿಯಾಗಿ, "ಓಂ ಮಿತ್ರಾಯ ನಮಃ" ಎಂದೆ. ಪಾಪ, ಮೂವತ್ತು ಜನ ನನ್ನನ್ನು ನಂಬಿ ಮತ್ತೆ ಬಗ್ಗಿದರು.

ಮುಗಿದ ಮೇಲೆ ಪವಿತ್ರ ಏದುಸಿರು ಬಿಡುತ್ತಾ ಬಂದು, "ಆಂಟಿ, ಹತ್ತು ಸುತ್ತಾಯ್ತಲ್ವಾ?" ಎಂದಳು.

"ಲೆಕ್ಕ ತಪ್ಪೋಯ್ತು ಕಣಮ್ಮ" ಎಂದುಬಿಟ್ಟೆ.

ಅವಳು ನನ್ನ ಕೈ ಹಿಡಿದುಕೊಂಡಳು. "ಇರ್ಲಿ ಬುಡಿ ಆಂಟಿ. ನಮ್ಮಜ್ಜಿಗೂ ಹಿಂಗೇ ಶುರುವಾಗಿದ್ದು."

ಅಂದಿನಿಂದ ಪಾರ್ಕಿನಲ್ಲಿ ನಾನು ಮರೆವಿನ ಲಲಿತಮ್ಮ. ಹೆಸರು ಹೇಳಲು ಮೇಷ್ಟ್ರು ಈಗಲೂ ನನ್ನನ್ನೇ ಕರೆಯುತ್ತಾರೆ, ಆದರೆ ಲೆಕ್ಕ ನೋಡಿಕೊಳ್ಳಲು ಜೊತೆಗೆ ಇನ್ನೊಬ್ಬರನ್ನು ಕೂರಿಸುತ್ತಾರೆ. ಯಜಮಾನರು ದಿನಕ್ಕೆರಡು ಸಲ, ಗ್ಯಾಸ್ ಆರಿಸಿದೆಯಾ ಎಂದು ಮೆತ್ತಗೆ ವಿಚಾರಿಸುತ್ತಾರೆ. ಮಂಡಿ, ಮಣಿಕಟ್ಟು, ಭುಜ ಹೋದದ್ದು ನನ್ನನ್ನು ಕೇಳಿಕೊಂಡಲ್ಲ. ಮೈಯಲ್ಲಿ ಸರಿಯಾಗಿ ಉಳಿದಿದ್ದ ಒಂದೇ ಒಂದು ಭಾಗವನ್ನು ಮಾತ್ರ ನಾನೇ ಕೆಟ್ಟುಹೋಗಿದೆಯೆಂದು ಒಪ್ಪಿಕೊಂಡು ಬಂದೆ. ನಿಜ ಹೇಳೋಣವೆಂದರೆ ಅದು ಇದಕ್ಕಿಂತ ನಾಚಿಕೆಗೇಡು.

ಪವಿತ್ರ ವಾರಕ್ಕೊಂದು ಕಟ್ಟು ಒಂದೆಲಗದ ಸೊಪ್ಪು ತಂದುಕೊಡುತ್ತಾಳೆ, ನೆನಪಿನ ಶಕ್ತಿಗೆ ಒಳ್ಳೆಯದಂತೆ. ತೆಂಗಿನಕಾಯಿ ಹಾಕಿ ಚಟ್ನಿ ಅರೆದು ತಪ್ಪದೆ ತಿನ್ನುತ್ತೇನೆ. ಒಳ್ಳೆಯ ಸೊಪ್ಪು. ಆ ಹತ್ತನೆಯ ಸುತ್ತು ದಿನದಿಂದ ದಿನಕ್ಕೆ ಇನ್ನಷ್ಟು ಚೆನ್ನಾಗಿ ನೆನಪಾಗುತ್ತಿದೆ.