ಸೀಸೆಯ ಕಿವಿಯ ಗುಗ್ಗೆ

ಕಿವಿಯಲ್ಲಿ ಟೊಳ್ಳು ಮೇಣದಬತ್ತಿ ನಿಲ್ಲಿಸಿ, ತುದಿಗೆ ಬೆಂಕಿ ಹಚ್ಚಿ, ಒಳಗಿನ ಗುಗ್ಗೆಯನ್ನು ಹೀರಿ ತೆಗೆಯುವ ಚಿಕಿತ್ಸೆ ಮೂರು ಸಾವಿರ ವರ್ಷ ಹಳೆಯದು. ಇದಕ್ಕೆ ಆಧಾರವಾದ ದಾಖಲೆಯನ್ನು ಕರ್ಣಬತ್ತಿ ಮಂಡಳಿಯ ಕಚೇರಿಯಲ್ಲೇ ಹೋದ ವರ್ಷ ಟೈಪು ಮಾಡಲಾಯಿತು. ಅದರ ಮೇಲಿರುವ ಚಹಾದ ಕಲೆ ಮಾತ್ರ ಪುರಾತನವೆಂದು ನಿರ್ದೇಶಕರು ದೃಢೀಕರಿಸಿದ್ದಾರೆ.

ಮಂಡಳಿಯ ನಿಯಮ ಏಳರ ಪ್ರಕಾರ ‘ಶುದ್ಧಕರ್ಣ ಪ್ರಮಾಣಪತ್ರ’ ಇಲ್ಲದ ಯಾರನ್ನೂ ಕಾಯಂ ಮಾಡುವಂತಿಲ್ಲ. ಹತ್ತು ಬತ್ತಿ ಪೂರ್ತಿ ಉರಿಸಿಕೊಂಡವರಿಗೆ ಪ್ರಮಾಣಪತ್ರ. ಬತ್ತಿ ಪೂರೈಸುವವರು ನಿರ್ದೇಶಕರ ಭಾವಮೈದ. ಇದು ಕೇವಲ ಕಾಕತಾಳೀಯವೆಂದು ನಿಯಮ ಎಂಟು ಹೇಳುತ್ತದೆ.

ಪ್ರಯೋಗಾಲಯದ ಸಹಾಯಕಿ ಹನ್ನೊಂದು ವರ್ಷಗಳಿಂದ ತಾತ್ಕಾಲಿಕ ನೌಕರಳು. ಮೂರನೇ ಬತ್ತಿಗೆ ಅವಳ ಕೂದಲು ಚುರ್ರೆಂದಾಗ ಕುರ್ಚಿ ಬಿಟ್ಟು ಎದ್ದುಬಿಟ್ಟಿದ್ದಳು. ಆದರೂ ನಿರ್ದೇಶಕರು ಕನಿಕರದ ಮನುಷ್ಯ.

“ಚಿಕಿತ್ಸೆ ಬಗ್ಗೆ ಒಂದು ವೈಜ್ಞಾನಿಕ ವರದಿ ಬರ್ಕೊಡಮ್ಮ. ಈ ಸಲ ನಿನ್ನ ವಿಷಯ ನೋಡೋಣ” ಎಂದರು.

ಇದ್ದದ್ದನ್ನು ಇದ್ದ ಹಾಗೆ ಹೇಳುವ ಕೆಟ್ಟ ಚಾಳಿ ಅವಳಿಗಿತ್ತು. ಒಂದು ಬತ್ತಿಯನ್ನು ಗುಮಾಸ್ತರ ಕಿವಿಯಲ್ಲಿಯೂ ಇನ್ನೊಂದನ್ನು ಕಪಾಟಿನಲ್ಲಿದ್ದ ಖಾಲಿ ಗಾಜಿನ ಸೀಸೆಯಲ್ಲಿಯೂ ಉರಿಸಿದಳು. ಎರಡರ ಬುಡದಲ್ಲೂ ಒಂದೇ ತೂಕದ ಕಂದು ಮುದ್ದೆ ಉಳಿಯಿತು.

“ಸಾರ್, ಕಿವಿಯೇ ಇಲ್ದಿರೋ ಸೀಸೇಲೂ ಅಷ್ಟೇ ಬಂತು. ಇದು ಗುಗ್ಗೆ ಅಲ್ಲ ಸಾರ್, ಬತ್ತಿಯದೇ ಮೇಣ.”

ನಿರ್ದೇಶಕರು ಕನ್ನಡಕ ತೆಗೆದು ಸೀಸೆಯನ್ನೇ ದಿಟ್ಟಿಸಿದರು. ಅವರ ಕಣ್ಣು ತುಂಬಿ ಬಂತು.

“ಪಾಪ, ಎಷ್ಟು ವರ್ಷದಿಂದ ಅನುಭವಿಸ್ತಾ ಇತ್ತೋ! ಒಂದು ದಿನಾನೂ ಬಾಯಿ ಬಿಡಲಿಲ್ಲ ನೋಡು.”

“ಸಾರ್, ಅದು ಸೀಸೆ.”

“ರೋಗಿಗಳಲ್ಲಿ ಭೇದ ಮಾಡ್ಬಾರ್ದಮ್ಮ.”

ಅಂದೇ ಮಧ್ಯಾಹ್ನ ಪ್ರಕಟಣೆ ಹೊರಟಿತು: ‘ಗಾಜಿನ ಪಾತ್ರೆಗಳಲ್ಲಿ ಕರ್ಣಮಲ ಪತ್ತೆಯಾಗಿರುವುದರಿಂದ ಸಾರ್ವಜನಿಕರು ಗಾಬರಿಯಾಗದೆ ತಮ್ಮ ಮನೆಯ ಲೋಟ, ಜಾಡಿ, ಹೂದಾನಿಗಳನ್ನು ಚಿಕಿತ್ಸೆಗೆ ಕರೆತರತಕ್ಕದ್ದು. ಒಡೆದ ಲೋಟಗಳು ಖುದ್ದಾಗಿ ಹಾಜರಾಗಬೇಕಿಲ್ಲ.’ ಸಂಜೆಯೊಳಗೆ ಸಾಲು ರಸ್ತೆ ದಾಟಿತು. ಭಾವಮೈದ ಇನ್ನೊಂದು ಲಾರಿ ಕೊಂಡರು.

ಸೀಸೆಯ ಉಳಿದ ಒಂಬತ್ತು ಬತ್ತಿಗೆ ಒಪ್ಪಿಗೆ ಪತ್ರ ಬೇಕಾಯಿತು.

“ಸಂಬಂಧಿಕರು ಸಹಿ ಹಾಕ್ಬೇಕು. ಕಪಾಟಿಂದ ಇದನ್ನ ಎತ್ಕೊಂಡು ಬಂದೋರು ಯಾರು?” ಎಂದು ಗುಮಾಸ್ತರು ಕೇಳಿದರು.

“ನಾನೇ.”

“ಹಾಗಾದ್ರೆ ತಾಯಿ ಅಂತ ಬರೀರಿ. ತಂದೆ ಕಾಲಂ ಖಾಲಿ ಇರ್ಲಿ. ನಾವೇನು ಹಳೇ ಕಾಲದವರಲ್ಲ.”

ಅವಳ ಕಾಯಮಾತಿ ಕಡತವೂ ಅದೇ ಮೇಜಿನ ಮೇಲಿತ್ತು. ಅದನ್ನೊಮ್ಮೆ ನೋಡಿ ಸಹಿ ಹಾಕಿದಳು.

ಸೀಸೆ ಹತ್ತೂ ಬತ್ತಿಗಳನ್ನು ಕದಲದೆ ಮುಗಿಸಿತು. ಇಂಥ ಸಹನೆಯ ರೋಗಿಯನ್ನು ತಾವು ಕಂಡೇ ಇಲ್ಲವೆಂದು ಚಿಕಿತ್ಸಕರು ಷರಾ ಬರೆದರು. ಪ್ರಮಾಣಪತ್ರವನ್ನು ಸೀಸೆಯ ಕುತ್ತಿಗೆಗೆ ದಾರದಲ್ಲಿ ಕಟ್ಟಲಾಯಿತು.

ಮರುವಾರ ಒಂದು ಕಾಯಂ ಹುದ್ದೆಗೆ ಸಂದರ್ಶನ ನಡೆಯಿತು. ಸಹಾಯಕಿಯ ಬಳಿ ವರದಿಯಿತ್ತು, ಪ್ರಮಾಣಪತ್ರವಿರಲಿಲ್ಲ. ಪ್ರಮಾಣಪತ್ರವಿದ್ದ ಅಭ್ಯರ್ಥಿಯನ್ನು ಬಿಡುವಂತಿಲ್ಲವಾದ್ದರಿಂದ ಸೀಸೆಯನ್ನೂ ಒಳಗೆ ಕರೆದರು. “ಮೇಲಧಿಕಾರಿ ತಪ್ಪು ಹೇಳಿದರೆ ನೀವೇನು ಹೇಳ್ತೀರಿ?” ಎಂಬುದು ಪ್ರಶ್ನೆ. ಸಹಾಯಕಿ ಕಾಲು ಗಂಟೆ ಉತ್ತರಿಸಿದಳು. ಸೀಸೆಯ ಉತ್ತರಕ್ಕೆ ಸಮಿತಿ ಪೂರ್ಣ ಅಂಕ ಕೊಟ್ಟಿತು.

ಆದೇಶ ನೋಡಿ ಅವಳಿಗೆ ಬಹಳ ದುಃಖವಾಯಿತು. ಹನ್ನೊಂದು ವರ್ಷದ ಆಸೆ. ದುಃಖವನ್ನು ನಮೂದಿಸಲು ನಮೂನೆಯಲ್ಲಿ ಜಾಗವಿರಲಿಲ್ಲವಾದ್ದರಿಂದ ಅವಳು ಮನೆಗೆ ಹೋಗಿ ಅತ್ತಳು.

“ಯಾರಿಗಾಯ್ತಂತೆ ಕೆಲಸ?” ಅವಳ ತಾಯಿ ಕೇಳಿದರು.

“ಸೀಸೆಗೆ.”

“ಯಾವ ಸೀಸೆ?”

“ನಾನು ತಾಯಿ ಅಂತ ಸಹಿ ಹಾಕಿದ್ನಲ್ಲ, ಅದೇ.”

ತಾಯಿ ಬೆರಳು ಮಡಿಚಿ ಸಂಬಂಧ ಲೆಕ್ಕ ಹಾಕಿದರು. ಆಮೇಲೆ ಅವರ ಮುಖ ಅರಳಿತು.

“ಅಯ್ಯೋ, ಅಳೋದ್ಯಾಕೆ ಹುಚ್ಚಿ! ನಿಂಗಾಗ್ದಿದ್ರೆ ಹೋಗ್ಲಿ, ಮೊಮ್ಮಗನಿಗಾದ್ರೂ ಕಾಯಂ ಆಯ್ತಲ್ಲ. ನಾಳೆ ಮನೆಗೆ ಕರ್ಕೊಂಡು ಬಾ, ಒಂದು ಸಲ ಕಣ್ತುಂಬ ನೋಡ್ತೀನಿ.”